ಕಾಸು ಎಲ್ಲಿಂದ ಬಂತು? ಆಟದೊಳಗಿನ ಜೂಜಿನ ಲೆಕ್ಕ

ಪೋಕೆಮಾನ್ ಫೈರ್‌ರೆಡ್ ಎಂಬ ವೀಡಿಯೊ ಗೇಮ್ ಆಡಿದವರಿಗೆ ಅದರೊಳಗಿನ ಸೆಲಡಾನ್ ಊರು ನೆನಪಿರುತ್ತದೆ. ಅಲ್ಲಿನ ಹೋಟೆಲಿನಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಮಾತಾಡಿಸಿದರೆ, ಸ್ಲಾಟ್ ಮಷಿನ್‌ನಲ್ಲಿ ಇದ್ದದ್ದೆಲ್ಲ ಕಳೆದುಕೊಂಡೆ, ಇನ್ನು ಆ ಕಡೆ ತಲೆ ಹಾಕಲ್ಲ ಅನ್ನುತ್ತಾನೆ. ತನಗಿನ್ನು ಬೇಡ ಎಂದು ಕಾಯಿನ್ ಇಡುವ ಡಬ್ಬಿಯನ್ನು ನಮ್ಮ ಕೈಗೆ ಕೊಡುತ್ತಾನೆ. ಆ ಡಬ್ಬಿ ಇಲ್ಲದಿದ್ದರೆ ಊರಿನ ಜೂಜುಕಟ್ಟೆಯಾದ ಗೇಮ್ ಕಾರ್ನರ್‌ನಲ್ಲಿ ಆಡಲು ಆಗುವುದಿಲ್ಲ. ಒಬ್ಬ ಮುಳುಗಿ ಎದ್ದು ಹೋದ ಜಾಗದಲ್ಲಿ ಕಥೆಯ ಪುಟ್ಟ ನಾಯಕ ಬಂದು ಕೂರುತ್ತಾನೆ.

ನಾನು ಇದನ್ನು ಆಡಿದ್ದು ಹೈಸ್ಕೂಲಿನಲ್ಲಿ, ಮನೆಯ ಹಳೇ ಕಂಪ್ಯೂಟರ್‌ನಲ್ಲಿ, ಬೇರೆ ಯಂತ್ರದ ಆಟವನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್ ಹಾಕಿಕೊಂಡು. ನನಗೆ ಬೇಕಿದ್ದದ್ದು ಪೋರಿಗಾನ್ ಅನ್ನುವ ಪೋಕೆಮಾನ್, ಅಂದರೆ ಆಟದಲ್ಲಿ ಹಿಡಿದು ಸಾಕುವ ಪ್ರಾಣಿ. ಅದು ಕಾಡಿನಲ್ಲಿ ಸಿಗುವುದಿಲ್ಲ. ಗೇಮ್ ಕಾರ್ನರ್‌ನ ಬಹುಮಾನದ ಕೌಂಟರ್‌ನಲ್ಲಿ ಮಾತ್ರ ಸಿಗುತ್ತದೆ. ಬೆಲೆ 9999 ಕಾಯಿನ್. ಆಟದ ದುಡ್ಡು 1000 ಕೊಟ್ಟರೆ 50 ಕಾಯಿನ್, ಅಂದರೆ ಒಂದಕ್ಕೆ 20. ಅಷ್ಟೂ ಕಾಯಿನ್ ಕೊಂಡುಕೊಂಡರೆ 1,99,980 ಆಗುತ್ತದೆ. ಆಟದ ಆ ಹಂತದಲ್ಲಿ ಅಷ್ಟು ದುಡ್ಡು ಯಾರ ಬಳಿಯೂ ಇರುವುದಿಲ್ಲ. ಹಾಗಾಗಿ ಮಷಿನ್ ಮುಂದೆ ಕೂರಲೇಬೇಕು.

ಕೂತೆ. ಆದರೆ ನನ್ನ ಎಡಗೈ ಕೀಬೋರ್ಡಿನ ಎಫ್1 ಮೇಲೆ ಇರುತ್ತಿತ್ತು. ಶಿಫ್ಟ್ ಹಿಡಿದು ಎಫ್1 ಒತ್ತಿದರೆ ಆಟ ಇದ್ದಲ್ಲೇ ಸೇವ್. ಸೋತರೆ ಎಫ್1 ಒತ್ತುವುದು, ಸೋಲು ಆಗಿಯೇ ಇಲ್ಲ ಎಂಬಂತೆ ಹಿಂದಕ್ಕೆ ಹೋಗುವುದು. ಎರಡು ಮೂರು ಸಂಜೆಯಲ್ಲಿ ಪೋರಿಗಾನ್ ಬಂತು.

ಇಷ್ಟು ವರ್ಷದ ನಂತರ ಇದು ನೆನಪಾದದ್ದು ಅಕ್ಕನ ಮಗನಿಂದ. ಅವನಿಗೆ ಈಗ ಹದಿಮೂರು. ಫೋನಿನಲ್ಲಿ ಒಂದು ಆರ್‌ಪಿಜಿ ಆಡುತ್ತಾನೆ, ಅಂದರೆ ಒಂದು ಪಾತ್ರವಾಗಿ ಲೋಕ ಸುತ್ತಿ, ಹೋರಾಡಿ, ಬೆಳೆಯುವ ಆಟ. ಅದರಲ್ಲಿ ಹೊಸ ವೀರರು ಬೇಕೆಂದರೆ ಒಂದು ಚಕ್ರದಂಥದ್ದನ್ನು ತಿರುಗಿಸಬೇಕು. "ಮಾಮ, ಇದು ಜೂಜಾ?" ಎಂದು ಕೇಳಿದ. ಅವನ ಅಪ್ಪ ಹಾಗೆ ಬೈದಿದ್ದರಂತೆ. ನಾನು ತಕ್ಷಣ ಹೌದು ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಆ ಪ್ರಶ್ನೆಯನ್ನು ಸರಿಯಾಗಿ ಬಿಡಿಸಿ ನೋಡಬೇಕು ಅನ್ನಿಸಿತು. ಏಕೆಂದರೆ ಇವತ್ತು ಜಗತ್ತಿನ ಹಲವು ಸರ್ಕಾರಗಳು ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತಿವೆ. ಅದರಲ್ಲಿ ಕೆಲವು ತಪ್ಪು ಕಡೆ ನೋಡುತ್ತಿವೆ ಎಂಬುದು ನನ್ನ ಅನಿಸಿಕೆ.

ಮೊದಲು ಹಳೇ ಆಟಗಳನ್ನೇ ನೋಡೋಣ. ಆರ್‌ಪಿಜಿಗಳಲ್ಲಿ ಜೂಜಿನ ಕಟ್ಟೆ ಹೊಸದೇನಲ್ಲ. ಜಪಾನಿನ ಡ್ರ್ಯಾಗನ್ ಕ್ವೆಸ್ಟ್ ಸರಣಿಯ ನಾಲ್ಕನೇ ಆಟ ಬಂದದ್ದು 1990ರಲ್ಲಿ. ಅದರಲ್ಲಿ ಎಂಡೋರ್ ಅನ್ನುವ ರಾಜ್ಯದಲ್ಲಿ ಪೂರ್ತಿ ಕ್ಯಾಸಿನೊ ಇತ್ತು. ಸ್ಲಾಟ್, ಪೋಕರ್, ರಾಕ್ಷಸರ ಕಾಳಗದ ಮೇಲೆ ಬಾಜಿ, ಎಲ್ಲವೂ. ಪೋಕೆಮಾನ್‌ನ ಮೊದಲ ಆಟಗಳು 1996ರ ಫೆಬ್ರವರಿಯಲ್ಲಿ ಬಂದವು, ಗೇಮ್ ಕಾರ್ನರ್ ಆಗಲೇ ಇತ್ತು. 1997ರ ಫೈನಲ್ ಫ್ಯಾಂಟಸಿ 7ರಲ್ಲಿ ಗೋಲ್ಡ್ ಸಾಸರ್ ಎಂಬ ಮೋಜಿನ ಲೋಕ, ಅಲ್ಲಿ ಚೊಕೊಬೊ ಹಕ್ಕಿಗಳ ರೇಸು.

ಇಷ್ಟೊಂದು ಯಾಕೆ ಅಂದರೆ, ಜಪಾನಿನ ಬೀದಿಯಲ್ಲಿ ಅದು ಇತ್ತು. ಅಲ್ಲಿ ಉಕ್ಕಿನ ಗುಂಡು ಹಾರಿಸಿ ಆಡುವ ಪಚಿಂಕೊ ಎಂಬ ಆಟದ ಅಂಗಡಿಗಳು ಊರೂರಿಗೂ ಇವೆ. ದುಡ್ಡಿಗೆ ದುಡ್ಡು ಗೆಲ್ಲುವ ಜೂಜಿಗೆ ಅಲ್ಲಿನ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಆಡುವವನು ಗೆದ್ದ ಉಕ್ಕಿನ ಗುಂಡುಗಳನ್ನು ಅಂಗಡಿಯಲ್ಲಿ ಕೊಟ್ಟು ಒಂದು ಬಹುಮಾನದ ವಸ್ತು ಪಡೆಯುತ್ತಾನೆ. ಪಕ್ಕದಲ್ಲೇ ಇನ್ನೊಂದು ಪುಟ್ಟ ಕಿಂಡಿ. ಲೆಕ್ಕಕ್ಕೆ ಅದು ಬೇರೆಯವರದು. ಅಲ್ಲಿ ಆ ವಸ್ತು ಕೊಟ್ಟರೆ ನಗದು ಸಿಗುತ್ತದೆ. ವಸ್ತು ಮತ್ತೆ ಮೂರನೆಯವರ ಕೈ ದಾಟಿ ಮೊದಲ ಅಂಗಡಿಗೇ ಬರುತ್ತದೆ. ಈಗ ಸೆಲಡಾನ್ ಊರಿನ ನಕ್ಷೆ ನೆನಪು ಮಾಡಿಕೊಳ್ಳಿ. ಸ್ಲಾಟ್ ಮಷಿನ್ ಒಂದು ಕಟ್ಟಡದಲ್ಲಿ, ಬಹುಮಾನದ ಕೌಂಟರ್ ಪಕ್ಕದ ಕಟ್ಟಡದಲ್ಲಿ. ಇದನ್ನು ಹೊರಗಿನ ಮಕ್ಕಳು ಗಮನಿಸುವುದಿಲ್ಲ. ಅಲ್ಲಿ ಬೆಳೆದ ಮಕ್ಕಳಿಗೆ ಅದು ಕಂಡ ದೃಶ್ಯ.

ಆಟ ಮಾಡಿದವರು ಇನ್ನೊಂದು ಮಾತನ್ನೂ ಇಟ್ಟಿದ್ದಾರೆ. ಗೇಮ್ ಕಾರ್ನರ್‌ನ ಗೋಡೆಯ ಮೇಲೆ ಒಂದು ಪೋಸ್ಟರ್. ಅದರ ಹಿಂದೆ ಗುಪ್ತ ಸ್ವಿಚ್. ಒತ್ತಿದರೆ ಮೆಟ್ಟಿಲು ತೆರೆಯುತ್ತದೆ, ಕೆಳಗೆ ಟೀಮ್ ರಾಕೆಟ್ ಎಂಬ ಕಳ್ಳರ ಗುಂಪಿನ ಅಡ್ಡೆ. ಸಾಲು ದೀಪಗಳ ಸ್ಲಾಟ್ ಮಷಿನ್‌ಗಳು ಅವರ ಸಂಪಾದನೆಯ ಮುಖವಾಡ. ಮೇಲೆ ಸೋತವನು, ಕೆಳಗೆ ಗೆದ್ದವರು. ಮಕ್ಕಳ ಆಟವೊಂದು ಜೂಜಿನ ಬಗ್ಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಹಾಗಾದರೆ ಅದು ಜೂಜೇ ಅಲ್ವಾ? ನೋಟಕ್ಕೆ ಹೌದು. ಆದರೆ ಜೂಜಿಗೆ ಒಂದು ಜೀವಾಳ ಇದೆ. ಪಣ ಇಟ್ಟದ್ದು ಹೋಗಬೇಕು, ಹೋದದ್ದು ಬರಬಾರದು. ಧರ್ಮರಾಯನ ದಾಳಗಳಿಗೆ ಎಫ್1 ಇದ್ದಿದ್ದರೆ ವನವಾಸವೇ ಇರುತ್ತಿರಲಿಲ್ಲ. ಸೇವ್ ಮಾಡಬಹುದಾದ ಆಟದಲ್ಲಿ ಸೋಲು ಅನ್ನುವುದು ಸಮಯದ ನಷ್ಟ ಮಾತ್ರ. ಇಟ್ಟ ಕಾಸು ಆಟದ ಒಳಗೇ ಹುಟ್ಟಿದ್ದು, ಒಳಗೇ ಮುಗಿಯುವುದು. ಮನೆಯ ಬೀರುವಿನಿಂದ ಒಂದು ರೂಪಾಯಿಯೂ ಅಲ್ಲಿಗೆ ಹೋಗಲು ದಾರಿಯಿಲ್ಲ.

ಆಟ ಮಾಡುವವರಿಗೂ ಇದು ಗೊತ್ತು. 2010ರ ಫಾಲೌಟ್: ನ್ಯೂ ವೇಗಸ್ ಅನ್ನುವ ಆರ್‌ಪಿಜಿಯಲ್ಲಿ ಕಥೆ ನಡೆಯುವುದೇ ಕ್ಯಾಸಿನೊಗಳ ಊರಿನಲ್ಲಿ. ಅಲ್ಲಿ ಸೇವ್ ಮಾಡಿ ಮತ್ತೆ ಲೋಡ್ ಮಾಡಿದರೆ ಸ್ವಲ್ಪ ಹೊತ್ತು ಟೇಬಲ್‌ಗೆ ಸೇರಿಸುವುದಿಲ್ಲ. ಸುಮ್ನೆ ಕಾಯಬೇಕು. ಸೋಲಿಗೆ ಒಂಚೂರಾದರೂ ಭಾರ ಇರಲಿ ಎಂದು ಹೀಗೆ ಮಾಡಿದ್ದಾರೆ. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಪಾತ್ರದ ಅದೃಷ್ಟದ ಗುಣ ಜಾಸ್ತಿ ಇಟ್ಟುಕೊಂಡು ಗೆಲ್ಲುತ್ತಾ ಹೋದರೆ, ಕ್ಯಾಸಿನೊದವರು ಮೊದಲು ಕುಡಿಯಲು ಕೊಡುತ್ತಾರೆ, ಆಮೇಲೆ ಊಟ, ಆಮೇಲೆ ರೂಮು. ಇನ್ನೂ ಗೆದ್ದರೆ, ಇನ್ನು ಇಲ್ಲಿ ಆಡಬೇಡ ಎಂದು ನಿಲ್ಲಿಸುತ್ತಾರೆ. ಗೆಲ್ಲುವವನನ್ನು ಯಾವ ಜೂಜುಕಟ್ಟೆಯೂ ಇಟ್ಟುಕೊಳ್ಳುವುದಿಲ್ಲ ಎಂಬ ಪಾಠವನ್ನು ಆಡಿಸಿಯೇ ಕಲಿಸುತ್ತದೆ.

ಡ್ರ್ಯಾಗನ್ ಕ್ವೆಸ್ಟ್ 4ರ ಕಥೆ ಇನ್ನೂ ಚೆನ್ನಾಗಿದೆ. ಅದರ ಕೊನೆಯ ಅಧ್ಯಾಯದಲ್ಲಿ ಒಂದು ಕಾಯಿನ್‌ಗೆ 20 ಚಿನ್ನದ ನಾಣ್ಯ. ಯಾರೋ ಒಬ್ಬರು ಒಂದೇ ಸಲಕ್ಕೆ 8,38,861 ಕಾಯಿನ್ ಕೇಳಿ ನೋಡಿದರು. ಬೆಲೆ ಎಷ್ಟು ಬಂತು ಗೊತ್ತಾ? 4 ನಾಣ್ಯ. ಲೆಕ್ಕ ಹಾಕಿ ನೋಡಿ. 8,38,861ನ್ನು 20ರಿಂದ ಗುಣಿಸಿದರೆ 1,67,77,220. ಆ ಯಂತ್ರ ಬೆಲೆಯನ್ನು 24 ಬಿಟ್‌ನಲ್ಲಿ ಇಡುತ್ತಿತ್ತು, ಅದರಲ್ಲಿ ಹಿಡಿಯುವ ಅಂಕಿಗಳು 1,67,77,216. ಅಷ್ಟು ತುಂಬಿದ ಮೇಲೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಉಳಿದದ್ದು 4. ಬಸ್ಸಿನ ಮೀಟರ್ ಪೂರ್ತಿ ತಿರುಗಿ ಮತ್ತೆ ಸೊನ್ನೆಗೆ ಬಂದ ಹಾಗೆ. ಈ ಅಂಕಿ ಮಕ್ಕಳ ಬಾಯಿಂದ ಬಾಯಿಗೆ ಹರಡಿತು.

ಇದನ್ನು ಮೋಜಿಗೆ ಹೇಳುತ್ತಿಲ್ಲ. ಆಟದ ಯಂತ್ರ ಪೂರ್ತಿಯಾಗಿ ಆಡುವವನ ಮನೆಯಲ್ಲಿ, ಅವನ ಕೈಯಲ್ಲಿ ಇತ್ತು ಎಂಬುದು ಇಲ್ಲಿನ ಮುಖ್ಯ ಮಾತು. ಕ್ಯಾಸಿನೊದ ಲೆಕ್ಕದಲ್ಲಿ ತೂತು ಇದ್ದರೆ ಆಡುವವನು ಅದನ್ನು ಹುಡುಕಬಹುದಿತ್ತು. ಪೋಕೆಮಾನ್‌ನ ಮೊದಲ ಆಟದ ಕೋಡನ್ನು ಅಭಿಮಾನಿಗಳು ಬಿಡಿಸಿ ಸಾಲು ಸಾಲಾಗಿ ಓದಿದ್ದಾರೆ. ಯಾವ ಮಷಿನ್ ಯಾವಾಗ ಗೆಲ್ಲಿಸುತ್ತದೆ ಎಂಬುದು ಇವತ್ತು ತೆರೆದ ಪುಸ್ತಕ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳೇ ಗೇಮ್ ಕಾರ್ನರ್ ಪೂರ್ತಿ ನಿರುಪದ್ರವಿ ಎಂದು ನಾನು ಹೇಳುವುದಿಲ್ಲ. ಸ್ಲಾಟ್ ಮಷಿನ್ ಮನಸ್ಸನ್ನು ಹಿಡಿಯುವ ಬಗೆ ದುಡ್ಡಿಗಿಂತ ಆಳದ್ದು. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ್ದರು. ಪ್ರತಿ ಸಲ ಕಾಳು ಸಿಕ್ಕರೆ ಹಕ್ಕಿ ಹಸಿವಾದಾಗ ಮಾತ್ರ ಗುಂಡಿ ಕುಕ್ಕುತ್ತದೆ. ಯಾವಾಗ ಸಿಗುತ್ತದೆ ಎಂದು ಗೊತ್ತಿಲ್ಲದಿದ್ದರೆ ಬಿಡದೆ ಕುಕ್ಕುತ್ತಲೇ ಇರುತ್ತದೆ. ಜೊತೆಗೆ ಎರಡು 7 ಬಂದು ಮೂರನೆಯದು ಒಂದು ಮನೆ ಜಾರಿದಾಗ ಆಗುವ ಆ ಚುರುಕು. ಅದು ಸೋಲೇ, ಆದರೆ ಗೆಲುವಿನ ಹತ್ತಿರ ಬಂದೆವು ಎಂದು ಮನಸ್ಸು ಹೇಳುತ್ತದೆ. ಹತ್ತು ವರ್ಷದ ಮಗು ಈ ರುಚಿಯನ್ನು ಮೊದಲ ಸಲ ನೋಡುವುದು ಬೇಡ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ.

ಸರ್ಕಾರಗಳು, ಯಾವ ಆಟ ಯಾವ ವಯಸ್ಸಿಗೆ ಎಂದು ಮುದ್ರೆ ಒತ್ತುವ ರೇಟಿಂಗ್ ಸಂಸ್ಥೆಗಳು ಹೇಳಿದ್ದೂ ಅದನ್ನೇ. ಗೇಮ್ ಕಾರ್ನರ್ ಒಂದೇ ದಿನ ಮುಚ್ಚಲಿಲ್ಲ, ನಿಧಾನವಾಗಿ ಕಣ್ಮರೆಯಾಯಿತು. ಕೊರಿಯಾದಲ್ಲಿ ಬಿಡುಗಡೆಯಾದ ಪೋಕೆಮಾನ್ ಆಟದಲ್ಲಿ ಸ್ಲಾಟ್ ತೆಗೆದರು. 2009ರಲ್ಲಿ ಯುರೋಪಿಗೆ ಬಂದ ಪೋಕೆಮಾನ್ ಪ್ಲಾಟಿನಂನಲ್ಲೂ ಆಡಲು ಬಿಡಲಿಲ್ಲ. ಹಾರ್ಟ್‌ಗೋಲ್ಡ್, ಸೋಲ್‌ಸಿಲ್ವರ್ ಆಟಗಳಲ್ಲಿ ಜಪಾನಿನವರಿಗೆ ಸ್ಲಾಟ್ ಉಳಿಯಿತು. ಉಳಿದ ದೇಶಗಳಿಗೆ ವೋಲ್ಟಾರ್ಬ್ ಫ್ಲಿಪ್ ಎಂಬ ಒಗಟು ಬಂತು. ಐದಕ್ಕೆ ಐದು ಮನೆ, ಪ್ರತಿ ಸಾಲಿನ ಮೊತ್ತ, ಎಲ್ಲೆಲ್ಲಿ ಎಷ್ಟು ಬಾಂಬು ಎಂಬ ಸುಳಿವು. ಲೆಕ್ಕ ಹಾಕಿ ಮನೆ ತೆರೆಯಬೇಕು. ಅದರಲ್ಲಿ ಕಾಯಿನ್ ಕೊಳ್ಳುವ ದಾರಿಯನ್ನೇ ಮುಚ್ಚಿದ್ದರು, ಆಡಿಯೇ ಗಳಿಸಬೇಕು. 2010ರ ಬ್ಲ್ಯಾಕ್, ವೈಟ್ ಆಟಗಳಿಗೆ ಬರುವಷ್ಟರಲ್ಲಿ ಗೇಮ್ ಕಾರ್ನರ್ ಇರಲೇ ಇಲ್ಲ. 2014ರಲ್ಲಿ ಹಳೇ ಪೋಕೆಮಾನ್ ಆಟವೊಂದನ್ನು ಹೊಸದಾಗಿ ಮಾಡಿದಾಗ ಅದರೊಳಗಿನ ಗೇಮ್ ಕಾರ್ನರ್‌ಗೆ ಬೀಗ ಹಾಕಿತ್ತು.

ಯುರೋಪಿನ ರೇಟಿಂಗ್ ಸಂಸ್ಥೆ ಪೆಗಿ 2020ರಿಂದ ನಿಯಮ ಬಿಗಿ ಮಾಡಿತು. ಜೂಜನ್ನು ಕಲಿಸುವ, ಮೆರೆಸುವ ಹೊಸ ಆಟಗಳಿಗೆ 18 ವರ್ಷದ ಮುದ್ರೆ. ಆಟದ ದುಡ್ಡಿನಲ್ಲೇ ಆದರೂ ಅಷ್ಟೇ. ಆಸ್ಟ್ರೇಲಿಯಾ 2024ರ ಸೆಪ್ಟೆಂಬರ್ 22ರಿಂದ ಇದೇ ದಾರಿ ಹಿಡಿಯಿತು. ಜೂಜಿನ ನಕಲು ಇರುವ ಹೊಸ ಆಟಗಳನ್ನು 18 ತುಂಬದವರಿಗೆ ಮಾರುವಂತಿಲ್ಲ.

ಇಲ್ಲಿಗೆ ಬಂದಾಗ ನನಗೆ ಬೇಸರ ಶುರುವಾಗುತ್ತದೆ. ಏಕೆಂದರೆ ಅದೇ ಆಸ್ಟ್ರೇಲಿಯಾದ ಅದೇ ದಿನದ ಇನ್ನೊಂದು ನಿಯಮ ನೋಡಿ. ನಿಜವಾದ ದುಡ್ಡು ಕೊಟ್ಟು, ಒಳಗೇನಿದೆ ಎಂದು ಗೊತ್ತಿಲ್ಲದ ಪೆಟ್ಟಿಗೆ ಕೊಳ್ಳುವ ಆಟಗಳಿಗೆ ಎಂ ಎಂಬ ಮುದ್ರೆ. ಅದು 15 ದಾಟಿದವರಿಗೆ ಒಳ್ಳೆಯದು ಎಂಬ ಸಲಹೆ ಮಾತ್ರ, ತಡೆ ಅಲ್ಲ. ಆಟದ ಕಾಸು ಹಾಕಿ ಸ್ಲಾಟ್ ತಿರುಗಿಸಿದರೆ ಬಾಗಿಲು ಬಂದ್. ಅಪ್ಪನ ಕಾರ್ಡಿನ ದುಡ್ಡು ಹಾಕಿ ಪೆಟ್ಟಿಗೆ ತೆರೆದರೆ ಬರೀ ಸಲಹೆ.

ಬಲಾಟ್ರೊ ಎಂಬ ಇಸ್ಪೀಟಿನ ಆಟದ ಕಥೆಯೂ ಇದೇ. 2024ರಲ್ಲಿ ಬಂತು. ಪೋಕರ್ ಎಲೆಗಳನ್ನು ಜೋಡಿಸಿ ಅಂಕ ಗಳಿಸಬೇಕು. ಪಣ ಇಲ್ಲ, ಬಾಜಿ ಇಲ್ಲ, ಒಮ್ಮೆ ಕೊಂಡ ಮೇಲೆ ಒಂದು ಪೈಸೆ ಖರ್ಚಿಲ್ಲ. ಪೆಗಿ ಅದಕ್ಕೆ 18ರ ಮುದ್ರೆ ಒತ್ತಿತು. ಕೆಲವು ಅಂಗಡಿಗಳಿಂದ ಸ್ವಲ್ಪ ದಿನ ತೆಗೆದದ್ದೂ ಆಯಿತು. ಅದೇ ಹೊತ್ತಿಗೆ, ಆಟಗಾರರ ಕಾರ್ಡುಗಳ ಪ್ಯಾಕನ್ನು ನಿಜವಾದ ದುಡ್ಡಿಗೆ ಮಾರುವ ದೊಡ್ಡ ಫುಟ್ಬಾಲ್ ಆಟಕ್ಕೆ 3ರ ಮುದ್ರೆ ಇತ್ತು. ಮೂರು ವರ್ಷದ ಮಗು ಆಡಬಹುದು ಎಂದು. ಬಲಾಟ್ರೊ ಮಾಡಿದವರು ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು, ಮೇಲ್ಮನವಿ ಹೋಯಿತು, 2025ರ ಫೆಬ್ರವರಿಯಲ್ಲಿ ಮುದ್ರೆ 12ಕ್ಕೆ ಇಳಿಯಿತು. ಇಸ್ಪೀಟು ಎಲೆಯ ಚಿತ್ರ ಕಂಡರೆ ಹೆದರುವುದು, ದುಡ್ಡು ಹರಿಯುವ ಕೊಳವೆ ಕಂಡರೆ ಸುಮ್ಮನಿರುವುದು. ತಪ್ಪು ಕಡೆ ನೋಡುತ್ತಿದ್ದಾರೆ ಎಂದು ನಾನು ಹೇಳಿದ್ದು ಇದಕ್ಕೇ.

ಗೇಮ್ ಕಾರ್ನರ್ ಹೋದ ಜಾಗಕ್ಕೆ ಬಂದದ್ದು ಗಾಚಾ. ಜಪಾನಿನಲ್ಲಿ ಅಂಗಡಿ ಮುಂದೆ ಒಂದು ಮಷಿನ್ ಇರುತ್ತದೆ. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಪ್ಲಾಸ್ಟಿಕ್ ಗುಂಡಿನಲ್ಲಿ ಯಾವುದಾದರೊಂದು ಗೊಂಬೆ ಬೀಳುತ್ತದೆ. ಅದರ ಹೆಸರೇ ಇದಕ್ಕೂ ಬಂತು. ಗೇಮ್ ಕಾರ್ನರ್ ಆಟದ ಒಂದು ಮೂಲೆಯಲ್ಲಿತ್ತು. ಬೇಡವೆಂದರೆ ಅಲ್ಲಿನ ಮಷಿನ್ ಮುಟ್ಟದೆ ಕಥೆ ಮುಗಿಸಬಹುದಿತ್ತು. ಗಾಚಾ ಆಟಗಳಲ್ಲಿ ಆ ಮೂಲೆಯೇ ನಡುಮನೆ. ವೀರರು ಬೇಕೆಂದರೂ ಅದೇ, ಒಳ್ಳೆಯ ಆಯುಧ ಬೇಕೆಂದರೂ ಅದೇ.

ಲೆಕ್ಕವನ್ನೇ ನೋಡೋಣ. 2020ರ ಸೆಪ್ಟೆಂಬರ್‌ನಲ್ಲಿ ಬಂದ ಗೆನ್ಶಿನ್ ಇಂಪ್ಯಾಕ್ಟ್ ಎಂಬ ಆರ್‌ಪಿಜಿ ತುಂಬ ಸುಂದರವಾದ ಆಟ, ಅದರಲ್ಲಿ ಎರಡು ಮಾತಿಲ್ಲ. ಉಚಿತವಾಗಿ ಆಡಬಹುದು, ತಾಳ್ಮೆ ಇದ್ದವರು ಒಂದು ರೂಪಾಯಿ ಹಾಕದೆ ವರ್ಷಗಟ್ಟಲೆ ಆಡುವುದೂ ಉಂಟು. ಅದರಲ್ಲಿ ಐದು ನಕ್ಷತ್ರದ, ಅಂದರೆ ಅಪರೂಪದ ವೀರ ಒಂದು ಸಲ ಎಳೆದಾಗ (ಗಾಚಾ ತಿರುಗಿಸಿದಾಗ) ಸಿಗುವ ಸಾಧ್ಯತೆ ಶೇ. 0.6. ಸಾವಿರ ಸಲಕ್ಕೆ ಆರು. 90ನೇ ಸಲಕ್ಕೆ ಐದು ನಕ್ಷತ್ರದವನು ಖಂಡಿತ ಬರುತ್ತಾನೆ, ಆದರೆ ನಮಗೆ ಬೇಕಾದವನೇ ಬರುತ್ತಾನೆ ಎಂದಿಲ್ಲ. ಬೇರೆಯವನು ಬಂದರೆ, ಅದರ ಮುಂದೆ ಸಿಗುವ ಐದು ನಕ್ಷತ್ರದವನು ಬೇಕಾದವನೇ ಎಂಬುದು ಖಾತ್ರಿ. ಅಂದರೆ ಅದೃಷ್ಟ ಪೂರ್ತಿ ಕೈಕೊಟ್ಟರೆ 180 ಸಲ. ಒಂದು ಸಲಕ್ಕೆ ಆಟದ ನಾಣ್ಯದಂಥ 160 ಹರಳು. 28,800 ಹರಳು ಬೇಕು. ಅಷ್ಟನ್ನೂ ದೊಡ್ಡ ಪ್ಯಾಕಿನಲ್ಲಿ, 99.99 ಡಾಲರಿಗೆ 8,080 ಹರಳಿನ ದರದಲ್ಲಿ, ಕೊಂಡರೆ 350 ಡಾಲರ್ ದಾಟುತ್ತದೆ. ನಮ್ಮ ಲೆಕ್ಕದಲ್ಲಿ 30,000 ರೂಪಾಯಿಯ ಆಸುಪಾಸು. ಒಬ್ಬ ವೀರನಿಗೆ.

ಈ ಅಂಕಿ ಪರದೆಯ ಮೇಲೆ ಎಲ್ಲೂ ರೂಪಾಯಿಯಲ್ಲಿ ಕಾಣುವುದಿಲ್ಲ. ದುಡ್ಡು ಕೊಟ್ಟರೆ ಒಂದು ಬಗೆಯ ಹರಳು ಬರುತ್ತದೆ. ಅದನ್ನು ಇನ್ನೊಂದು ಬಗೆಯ ಹರಳಾಗಿ ಮಾಡಬೇಕು. ಅದರಿಂದ ಎಳೆಯುವ ಟಿಕೆಟ್ ಕೊಳ್ಳಬೇಕು. ಮೂರು ಕೈ ದಾಟುವಷ್ಟರಲ್ಲಿ ಎಷ್ಟು ರೂಪಾಯಿ ಹೋಯಿತು ಎಂಬುದು ದೊಡ್ಡವರಿಗೇ ಮರೆತು ಹೋಗುತ್ತದೆ. ಪಚಿಂಕೊದ ಮೂರು ಅಂಗಡಿಗಳನ್ನು ನಾನು ಮೇಲೆ ಬಿಡಿಸಿ ಹೇಳಿದ್ದು ಇದಕ್ಕಾಗಿಯೇ. ಅಲ್ಲಿ ದುಡ್ಡು ಹೊರಗೆ ಬರುವಾಗ ಮೂರು ಕೈ. ಇಲ್ಲಿ ಒಳಗೆ ಹೋಗುವಾಗ ಮೂರು ಕೈ. ಹೊರಗೆ ಬರುವ ಕಿಂಡಿ ಇಲ್ಲವೇ ಇಲ್ಲ.

ಪೋಕೆಮಾನ್ ಲೋಕಕ್ಕೂ ಇದು ಬಂದಿದೆ. 2024ರ ಅಕ್ಟೋಬರ್ 30ರಂದು ಬಂದ ಪೋಕೆಮಾನ್ ಕಾರ್ಡ್ ಆಟದ ಮೊಬೈಲ್ ರೂಪದಲ್ಲಿ ಮುಖ್ಯ ಕೆಲಸವೇ ಪ್ಯಾಕ್ ಹರಿಯುವುದು. 12 ಗಂಟೆಗೊಂದು ಪ್ಯಾಕ್ ಉಚಿತ, ಕಾಯಲು ಆಗದವರಿಗೆ ದುಡ್ಡಿನ ದಾರಿ. ಬೆರಳಿನಿಂದ ಪ್ಯಾಕಿನ ಮೇಲಂಚು ಎಳೆದರೆ ನಿಜವಾದ ಪ್ಯಾಕಿನಂತೆಯೇ ಹರಿಯುತ್ತದೆ. ಮಕ್ಕಳಿಗೆ ಬೇಡ ಎಂದು ಆಟದ ಕಾಸಿನ ಸ್ಲಾಟ್ ಮಷಿನ್ ತೆಗೆದ ಸರಣಿಗೆ, ನಿಜದ ಕಾಸಿನ ಪ್ಯಾಕ್ ತರಲು ಯಾವ ರೇಟಿಂಗೂ ಅಡ್ಡ ಬರಲಿಲ್ಲ.

ಇದಕ್ಕೆಲ್ಲ ಕಿರೀಟ ಇಟ್ಟಂತೆ ಇರುವುದು ಕೊರಿಯಾದ ಮೇಪಲ್‌ಸ್ಟೋರಿ ಪ್ರಕರಣ. ಇದೂ ಆರ್‌ಪಿಜಿ, ಆನ್‌ಲೈನ್ ಆಟ. ಅದರಲ್ಲಿ 2010ರಿಂದ ಕ್ಯೂಬ್ ಎಂಬ ವಸ್ತು ಮಾರುತ್ತಿದ್ದರು. ದುಡ್ಡು ಕೊಟ್ಟು ಕ್ಯೂಬ್ ಬಳಸಿದರೆ ಆಯುಧದ ಗುಣಗಳು ಅದೃಷ್ಟದಂತೆ ಬದಲಾಗುತ್ತವೆ. ಎಲ್ಲರಿಗೂ ಬೇಕಿದ್ದದ್ದು ಕೆಲವು ಒಳ್ಳೆಯ ಗುಣಗಳು ಒಟ್ಟಿಗೆ ಬೀಳುವ ಜೋಡಣೆ. ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ ತನಿಖೆ ಮಾಡಿದಾಗ ಗೊತ್ತಾದದ್ದು ಇದು. ಕಂಪನಿ ಸಾಧ್ಯತೆಗಳನ್ನು ಯಾರಿಗೂ ಹೇಳದೆ ಇಳಿಸಿತ್ತು. 2011ರಿಂದ 2021ರವರೆಗೆ ಆ ಕೆಲವು ಜೋಡಣೆಗಳ ಸಾಧ್ಯತೆಯನ್ನು ಸೊನ್ನೆ ಮಾಡಿತ್ತು. ಕಡಿಮೆ ಅಲ್ಲ, ಸೊನ್ನೆ. ಹತ್ತು ವರ್ಷ ಜನ ಇಲ್ಲದ ಬಹುಮಾನಕ್ಕೆ ದುಡ್ಡು ಕಟ್ಟಿದರು. 2024ರ ಜನವರಿಯಲ್ಲಿ ಆಯೋಗ ನೆಕ್ಸಾನ್ ಕಂಪನಿಗೆ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು.

ಸೆಲಡಾನ್ ಊರಿನ ಸ್ಲಾಟ್‌ನಲ್ಲಿ ಇದು ಆಗಲು ಸಾಧ್ಯವಿರಲಿಲ್ಲ. ಅಲ್ಲಿನ ಯಂತ್ರ ನಮ್ಮ ಕೈಯಲ್ಲಿತ್ತು, ಬಿಚ್ಚಿ ನೋಡಬಹುದಿತ್ತು. ಇವತ್ತಿನ ಯಂತ್ರ ಇರುವುದು ಕಂಪನಿಯ ಸರ್ವರ್‌ನಲ್ಲಿ. ಅಂದರ್-ಬಾಹರ್ ಆಡುವಾಗ ಕಟ್ಟು ಕಲಸುವವನ ಕೈಯನ್ನಾದರೂ ನೋಡಬಹುದು. ಇಲ್ಲಿ ಅದೂ ಇಲ್ಲ. ಅವರು ಬರೆದ ಶೇಕಡಾವಾರನ್ನು ನಂಬಬೇಕು, ಅಷ್ಟೇ. ಮೇಪಲ್‌ಸ್ಟೋರಿಯಲ್ಲಿ ಅದನ್ನು ಬರೆದೂ ಇರಲಿಲ್ಲ.

ಬೇರೆ ದೇಶಗಳು ಸುಮ್ಮನೆ ಕೂತಿಲ್ಲ. ಜಪಾನ್ 2012ರಲ್ಲೇ ಒಂದು ಬಗೆಯ ಗಾಚಾ ನಿಲ್ಲಿಸಿತು. ಹಲವು ಗೊಂಬೆಗಳ ಪೂರ್ತಿ ಸೆಟ್ ಸೇರಿಸಿದರೆ ಮಾತ್ರ ದೊಡ್ಡ ಬಹುಮಾನ ಕೊಡುವ ಬಗೆ ಅದು. ಚೀನಾ 2017ರ ಮೇನಿಂದ ಸಾಧ್ಯತೆಗಳನ್ನು ಬಹಿರಂಗ ಮಾಡಿ ಎಂದಿತು. ಬೆಲ್ಜಿಯಂ 2018ರಲ್ಲಿ ದುಡ್ಡು ಕೊಟ್ಟು ಕೊಳ್ಳುವ ಲೂಟ್ ಬಾಕ್ಸ್, ಅಂದರೆ ಒಳಗೇನಿದೆ ಎಂದು ಗೊತ್ತಿಲ್ಲದ ಗಾಚಾದಂಥ ಪೆಟ್ಟಿಗೆ, ಜೂಜೇ ಎಂದು ಸಾರಿತು. ನಿಂಟೆಂಡೊ ತನ್ನ ಫೈರ್ ಎಂಬ್ಲಮ್ ಹೀರೋಸ್ ಎಂಬ ಮೊಬೈಲ್ ಆರ್‌ಪಿಜಿಯನ್ನು 2019ರಲ್ಲಿ ಆ ದೇಶದಿಂದ ಹಿಂದಕ್ಕೆ ಪಡೆಯಿತು. ಆದರೆ 2022ರಲ್ಲಿ ನಡೆದ ಒಂದು ಅಧ್ಯಯನ ನೋಡಿದರೆ, ಅಲ್ಲಿ ಐಫೋನಿನಲ್ಲಿ ಹೆಚ್ಚು ದುಡ್ಡು ಗಳಿಸುವ 100 ಆಟಗಳಲ್ಲಿ 82ರಲ್ಲಿ ಲೂಟ್ ಬಾಕ್ಸ್ ಇನ್ನೂ ಇತ್ತು. ಕಾನೂನು ಬರೆದರೆ ಸಾಲದು, ನೋಡಿಕೊಳ್ಳುವವರು ಬೇಕು. ಬ್ರಿಟನ್ 2022ರಲ್ಲಿ ಎಲ್ಲ ವಿಚಾರಿಸಿ, ಜೂಜಿನ ಕಾಯ್ದೆಯ ಒಳಗೆ ಇದನ್ನು ತರುವುದಿಲ್ಲ ಎಂದಿತು. ಕೊರಿಯಾದಲ್ಲಿ 2024ರ ಮಾರ್ಚ್ 22ರಿಂದ ಸಾಧ್ಯತೆ ತೋರಿಸುವುದು ಕಡ್ಡಾಯ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಗೆನ್ಶಿನ್ ಕಂಪನಿಯ ಜೊತೆ 2 ಕೋಟಿ ಡಾಲರಿನ ಒಪ್ಪಂದಕ್ಕೆ ಬಂತು. ಅದರ ಪ್ರಕಾರ 16 ವರ್ಷದ ಒಳಗಿನವರಿಗೆ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಲೂಟ್ ಬಾಕ್ಸ್ ಮಾರುವಂತಿಲ್ಲ. ಸಾಧ್ಯತೆಗಳನ್ನೂ, ಹರಳಿನ ವಿನಿಮಯ ದರವನ್ನೂ ತೋರಿಸಬೇಕು. ಪೆಟ್ಟಿಗೆಯನ್ನು ನೇರ ದುಡ್ಡಿಗೆ ಕೊಳ್ಳುವ ದಾರಿಯೂ ಇರಬೇಕು. ದುಡ್ಡಿನ ಕೊಳವೆಯ ಮೇಲೆ ನೇರವಾಗಿ ಕೈ ಇಟ್ಟ ಆದೇಶ ಇದು ಎಂದು ನನಗೆ ಅನ್ನಿಸುತ್ತದೆ.

ನಮ್ಮಲ್ಲಿ? ಕರ್ನಾಟಕದಲ್ಲಿ ಆನ್‌ಲೈನ್ ಜೂಜಿನ ಜಗಳ ಬಹುತೇಕ ರಮ್ಮಿಯ ಸುತ್ತ ನಡೆದಿದೆ. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟವನ್ನು ಅದೃಷ್ಟದ ಆಟದ ಜೊತೆ ಒಂದೇ ತಕ್ಕಡಿಯಲ್ಲಿ ಹಾಕಬಾರದು ಎಂಬುದು ವಾದದ ತಿರುಳು. ಕೌಶಲವೋ, ಅದೃಷ್ಟವೋ? ಇದೇ ಪ್ರಶ್ನೆಯಲ್ಲಿ ನಾವು ದಶಕಗಳು ಕಳೆದಿದ್ದೇವೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಪಾಸು ಮಾಡಿತು. ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಬಿತ್ತು. ಅದು ಕೌಶಲದ ಪ್ರಶ್ನೆಯನ್ನೇ ಪಕ್ಕಕ್ಕೆ ಇಟ್ಟಿತು. ಕೌಶಲ ಇರಲಿ, ಅದೃಷ್ಟ ಇರಲಿ, ದುಡ್ಡು ಕಟ್ಟಿ ದುಡ್ಡು ಅಥವಾ ಬೇರೆ ಲಾಭ ಗೆಲ್ಲುವ ಆಸೆಯಿಂದ ಆಡಿದರೆ ಅದು ಹಣದ ಆಟ, ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ಕಟ್ಟುವ ಪಣ ಎಂದರೆ ಬರೀ ರೂಪಾಯಿ ಅಲ್ಲ. ದುಡ್ಡು ಕೊಟ್ಟು ಕೊಂಡ ಕಾಯಿನ್, ಟೋಕನ್, ಕ್ರೆಡಿಟ್, ಇಂಥವನ್ನೂ ಕಾಯ್ದೆ ಪಣವೆಂದೇ ಎಣಿಸುತ್ತದೆ. ಅಂದರೆ, ಕಾಸು ಎಲ್ಲಿಂದ ಬಂತು ಎಂದು ನಮ್ಮ ಕಾಯ್ದೆ ಕೇಳಿದೆ. ಎಲೆಯ ಚಿತ್ರ ನೋಡಿ ಹೆದರಿಲ್ಲ. ಈ ಒಂದು ವಿಷಯದಲ್ಲಿ ಅದು ಪೆಗಿಗಿಂತ ಸರಿಯಾದ ಕಡೆ ನೋಡಿದೆ.

ಆದರೆ ಗಾಚಾ ಅದರ ಬಲೆಯಲ್ಲಿ ಬೀಳುತ್ತದಾ? ಒಳಗೆ ಹೋಗುವುದು ನಿಜದ ದುಡ್ಡು, ಅದಂತೂ ಸ್ಪಷ್ಟ. ಹೊರಗೆ ಬರುವುದು ಒಂದು ಚಿತ್ರ, ಮಾರಲು ಆಗದ ವೀರ. ಅದನ್ನು ಲಾಭ ಅನ್ನಬಹುದಾ? ಕಾಯ್ದೆಯಲ್ಲಿ ಲೂಟ್ ಬಾಕ್ಸ್ ಬಗ್ಗೆ ನೇರ ಮಾತಿಲ್ಲ. ಬ್ರಿಟನ್ ಮುಖ್ಯವಾಗಿ ಇದೇ ತರ್ಕ ಹಿಡಿದು ಗಾಚಾವನ್ನು ಹೊರಗೆ ಬಿಟ್ಟಿತು. ಗೆದ್ದದ್ದನ್ನು ದುಡ್ಡು ಮಾಡಿಕೊಳ್ಳಲು ಆಗದಿದ್ದರೆ ಅದು ಜೂಜಲ್ಲ ಎಂದು. ನನಗೆ ಈ ತರ್ಕ ಒಪ್ಪಿಗೆಯಿಲ್ಲ. ರಮ್ಮಿಯಲ್ಲಿ ಕೆಲವು ದಿನವಾದರೂ ನಾಲ್ಕು ಕಾಸು ವಾಪಸ್ ಬರುತ್ತದೆ. ಗಾಚಾದಲ್ಲಿ ಬಾಗಿಲು ಒಂದೇ ಕಡೆ ತೆರೆಯುತ್ತದೆ. ಏನೂ ವಾಪಸ್ ಬರದ ಜೂಜು, ಬರುವ ಜೂಜಿಗಿಂತ ಮೃದು ಎಂದು ಹೇಗೆ ಹೇಳುವುದು? ಅದರಲ್ಲೂ ಆಡುವವರು ಹದಿಮೂರರ ಮಕ್ಕಳಾದಾಗ?

ಜೈಲು ಶಿಕ್ಷೆ ಬೇಕೆಂದು ನಾನು ಕೇಳುವುದಿಲ್ಲ. ಆದರೆ ಪ್ರತಿ ಎಳೆತದ ಪಕ್ಕದಲ್ಲಿ ಅದರ ಬೆಲೆ ರೂಪಾಯಿಯಲ್ಲಿ ಕಾಣಬೇಕು, ಹರಳಿನಲ್ಲಿ ಅಲ್ಲ. ಅದೃಷ್ಟ ಕೈಕೊಟ್ಟರೆ ಒಟ್ಟು ಎಷ್ಟಾಗುತ್ತದೆ ಎಂಬುದೂ ಕಾಣಬೇಕು. 18 ತುಂಬದವರ ಖಾತೆಯಲ್ಲಿ ಎಳೆಯುವುದು ಆಟದಲ್ಲೇ ಗಳಿಸಿದ ಹರಳಿನಿಂದ ಮಾತ್ರ ಆಗಬೇಕು. ಸರ್ವರ್‌ನ ಒಳಗಿನ ಸಾಧ್ಯತೆಯನ್ನು ಹೊರಗಿನವರು ಬಂದು ಪರಿಶೀಲಿಸುವ ಹಕ್ಕು ಇರಬೇಕು. ಈ ಕೊನೆಯದು ಇಲ್ಲದಿದ್ದರೆ ಉಳಿದವು ಅರ್ಧ ಕೆಲಸ. ಮೇಪಲ್‌ಸ್ಟೋರಿಯ ಸೊನ್ನೆ ಹತ್ತು ವರ್ಷ ಬಚ್ಚಿಟ್ಟುಕೊಂಡಿತ್ತು.

ಅಕ್ಕನ ಮಗನಿಗೆ ನಾನು ಕೊನೆಗೆ ಮಾಡಿದ್ದು ಇಷ್ಟು. ಒಂದು ಭಾನುವಾರ ಅವನ ಜೊತೆ ಕೂತು ಅವನದೇ ಆಟದ ನಿಯಮಗಳ ಪುಟ ತೆರೆದೆ. ಸಾಧ್ಯತೆಗಳ ಪಟ್ಟಿ ಎಲ್ಲೋ ಮೂರು ಮೆನು ಒಳಗೆ ಇತ್ತು. ಒಂದು ಹಾಳೆ, ಒಂದು ಪೆನ್ನು. ಗುಣಾಕಾರ ಅವನೇ ಮಾಡಿದ. ಬಂದ ಅಂಕಿಯನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಇದನ್ನ ಅವ್ರು ಮೊದಲೇ ಯಾಕೆ ಹೇಳಲ್ಲ ಮಾಮ?" ಎಂದು ಕೇಳಿದ. ನಂತರ ಫೈರ್‌ರೆಡ್ ಹಾಕಿಕೊಡು ಎಂದ. ಹಾಕಿಕೊಟ್ಟೆ. ಈಗ ಅವನು ಸೆಲಡಾನ್ ತಲುಪಿದ್ದಾನೆ, ಕಾಯಿನ್ ಡಬ್ಬಿ ಸಿಕ್ಕಿದೆ. ಎಫ್1ರ ವಿಷಯ ನಾನಿನ್ನೂ ಹೇಳಿಲ್ಲ. ಕೆಲವು ದಿನ ಸೋತು ನೋಡಲಿ.